ಸಾಲ ತೀರಿದ ಮೇಲಿನ ಬದುಕು: ಮುಂಬಯಿಯ ದುಡಿಯುವ ಕುಟುಂಬಗಳ ನೆಲೆಯಲ್ಲಿ ಒಂದು ವಿಚಾರ



ಸಾಲವನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಸಾಲ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಸಾಲಗಾರನನ್ನು ಹೇಗೆ ಹಣಿಯುತ್ತದೆ ಎಂಬುದರ ಸುತ್ತಲೇ ಸಾಗಿದೆ. ಕೊನೆಯ ಕಂತು ಕಟ್ಟಿದ ಮರುತಿಂಗಳಿನಿಂದ ಆ ಕುಟುಂಬ ತನ್ನ ವರಮಾನವನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಸ್ತುತ ಉಪನ್ಯಾಸ ಈ ಎರಡನೆಯ ಪ್ರಶ್ನೆಯನ್ನು ಮುಂಬಯಿ ನಗರ ಮತ್ತು ಉಪನಗರಗಳ ಸಂಬಳದಾರ ಹಾಗೂ ದಿನಗೂಲಿ ಕುಟುಂಬಗಳಿಗೆ, ಅದರಲ್ಲೂ ಇಲ್ಲಿನ ಕನ್ನಡಿಗರಿಗೆ ಸಂಬಂಧಿಸಿದಂತೆ ಪರಿಶೀಲಿಸುತ್ತದೆ. ಕೃಷಿಸಾಲ ಮತ್ತು ವ್ಯಾಪಾರಸಾಲಗಳು ಈ ಚರ್ಚೆಯ ಹೊರಗಿವೆ. ಮೊದಲು ಮುಂಬಯಿಯ ಬಟ್ಟೆಗಿರಣಿಗಳ ಕಾಲದ ಸಾಲದ ಸ್ವರೂಪವನ್ನೂ, ಅನಂತರ ಆ ಸಾಲದಿಂದ ಬಿಡಿಸಲೆಂದು ಹುಟ್ಟಿದ ಸಹಕಾರಿ ಸಂಸ್ಥೆಗಳ ರಚನೆಯನ್ನೂ ನೋಡಿ, ಆ ಬಳಿಕ ಇಂದಿನ ಮನೆಸಾಲ ಮತ್ತು ಕಾರ್ಡುಸಾಲಗಳನ್ನು ಮುಗಿಸುವ ಕ್ರಮಕ್ಕೆ ಬಂದು, ಕೊನೆಯಲ್ಲಿ ಸಾಲಮುಕ್ತ ಕುಟುಂಬದ ಮುಂದಿನ ವರ್ಷಗಳ ಯೋಜನೆಯನ್ನು ವಿವರಿಸುವುದು ಇಲ್ಲಿನ ಉದ್ದೇಶ. ಹಳೆಯ ಪತ್ತಿನ ಸಂಘಗಳು ಸಾಲದ ಮರುಪಾವತಿಯನ್ನೂ ಉಳಿತಾಯವನ್ನೂ ಒಂದೇ ಕಂತಿನಲ್ಲಿ ಹೆಣೆದಿದ್ದವು, ಇಂದಿನ ಸಾಲಗಳು ಅವೆರಡನ್ನೂ ಬೇರ್ಪಡಿಸಿವೆ, ಆದ್ದರಿಂದ ಆ ಹೆಣಿಗೆಯನ್ನು ಈಗ ಕುಟುಂಬವೇ ತನ್ನ ಕೈಯಿಂದ ಮಾಡಿಕೊಳ್ಳಬೇಕಾಗಿದೆ ಎಂಬುದು ಈ ಉಪನ್ಯಾಸದ ವಾದ.

ಗಿರಣಿಗಳ ಕಾಲದಿಂದ ಆರಂಭಿಸಬಹುದು. 1921-22ರಲ್ಲಿ ಮುಂಬಯಿ ಸರಕಾರದ ಕಾರ್ಮಿಕ ಕಚೇರಿ ನಡೆಸಿದ ಕುಟುಂಬ ಆಯವ್ಯಯದ ವಿಚಾರಣೆಯಲ್ಲಿ ಶೇಕಡಾ 47ರಷ್ಟು ಕಾರ್ಮಿಕ ಕುಟುಂಬಗಳು ಸಾಲದಲ್ಲಿರುವುದು ಕಂಡುಬಂದಿತು. ಅಂದಿನ ರೂಢಿಯ ಬಡ್ಡಿ ತಿಂಗಳಿಗೆ ರೂಪಾಯಿಗೆ ಒಂದಾಣೆ. ಹದಿನಾರು ಆಣೆಗೆ ಒಂದು ರೂಪಾಯಿಯಾಗಿದ್ದ ಆ ಕಾಲದಲ್ಲಿ ಕೇಳಲು ಹಗುರವಾಗಿದ್ದ ಈ ದರವನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡಾ 75 ಆಗುತ್ತದೆ. 1929ರಲ್ಲಿ ನೇಮಕಗೊಂಡು 1931ರಲ್ಲಿ ವರದಿ ಸಲ್ಲಿಸಿದ, ವಿಟ್ಲಿ ಆಯೋಗವೆಂದು ಹೆಸರಾದ ರಾಯಲ್ ಕಾರ್ಮಿಕ ಆಯೋಗವು, ಭಾರತದ ಬಹುತೇಕ ಕೈಗಾರಿಕಾ ಕೇಂದ್ರಗಳಲ್ಲಿ ಮೂರನೆಯ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕುಟುಂಬಗಳು ಸಾಲದಲ್ಲಿವೆ ಎಂದೂ, ಹೆಚ್ಚಿನವರ ಸಾಲ ಮೂರು ತಿಂಗಳ ಸಂಬಳವನ್ನು ಮೀರಿದೆ ಎಂದೂ ಅಂದಾಜು ಮಾಡಿತು. ಈ ಸಾಲಕ್ಕೆ ದುಂದುಗಾರಿಕೆಯನ್ನು ಕಾರಣವಾಗಿ ಹೇಳುವುದು ಅಂದಿನ ವಾಡಿಕೆಯಾಗಿದ್ದರೂ ವ್ಯವಸ್ಥೆಯಲ್ಲಿಯೇ ಒಂದು ಕಾರಣವಿತ್ತು. ಒಂದು ತಿಂಗಳ ದುಡಿಮೆಯ ಸಂಬಳವನ್ನು ಮರುತಿಂಗಳ ಎರಡನೆಯ ವಾರದ ಹೊತ್ತಿಗೆ ಕೊಡುವ ಪದ್ಧತಿ ಇದ್ದುದರಿಂದ, ಊರಿನಿಂದ ಬಂದು ಗಿರಣಿ ಸೇರಿದವನು ಮೊದಲ ಸಂಬಳ ಕಾಣುವ ಮುನ್ನ ಸುಮಾರು ಆರು ವಾರ ಕಿರಾಣಿ ಅಂಗಡಿಯ ಉದ್ದರಿಯಲ್ಲಿಯೂ ಖಾನಾವಳಿಯ ಬಾಕಿಯಲ್ಲಿಯೂ ಬದುಕಬೇಕಾಗಿತ್ತು. ಆದ್ದರಿಂದ ಅವನ ಮುಂಬಯಿ ಬದುಕು ಸಾಲದೊಡನೆಯೇ ಆರಂಭವಾಗುತ್ತಿತ್ತು.

ಬಡ್ಡಿಗೆ ಮಿತಿ ಹಾಕುವ ಚಿಂತನೆ ಈ ಪ್ರಾಂತಕ್ಕೆ ಹೊಸದಾಗಿರಲಿಲ್ಲ. ಯಾವುದೇ ಹೊತ್ತಿನಲ್ಲಿ ವಸೂಲು ಮಾಡುವ ಬಾಕಿ ಬಡ್ಡಿಯು ಅಸಲನ್ನು ಮೀರಬಾರದು ಎಂಬ ಹಿಂದೂ ಧರ್ಮಶಾಸ್ತ್ರದ ನಿಯಮವನ್ನು ‘ದಾಮದುಪ್ಪಟ್’ ಎಂಬ ಹೆಸರಿನಿಂದ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಮಾನ್ಯ ಮಾಡಿದ್ದವು. ಮುಂದೆ 1946ರ ಲೇವಾದೇವಿ ಕಾಯಿದೆಯೂ, ಅದರ ಜಾಗದಲ್ಲಿ ಬಂದ 2014ರ ಮಹಾರಾಷ್ಟ್ರ ಕಾಯಿದೆಯೂ ಬಡ್ಡಿವ್ಯವಹಾರಕ್ಕೆ ಪರವಾನಗಿಯನ್ನು ಕಡ್ಡಾಯಗೊಳಿಸಿದವು. ಆದರೆ ನ್ಯಾಯಾಲಯದ ಮೆಟ್ಟಿಲೇರುವ ಶಕ್ತಿಯಿಲ್ಲದವನಿಗೆ ಈ ನಿಯಮಗಳಿಂದ ದೊರೆತ ರಕ್ಷಣೆ ತೀರ ಅಲ್ಪ. ನಿಜವಾದ ಬಿಡುಗಡೆಗೆ ಕಡಿಮೆ ಬಡ್ಡಿಯ ಬೇರೊಂದು ಸಾಲದ ಮೂಲ ಬೇಕಾಗಿತ್ತು.

ಇಲ್ಲಿಂದ ಎರಡನೆಯ ವಿಷಯಕ್ಕೆ, ಅಂದರೆ ಸಹಕಾರಿ ಸಂಸ್ಥೆಗಳ ಕಡೆಗೆ ಹೊರಳುವುದು ಸಹಜ. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯಿದೆ ಬಂದ ಎರಡೇ ವರ್ಷಗಳಲ್ಲಿ, 1906ರ ಡಿಸೆಂಬರ್ 27ರಂದು, ಉತ್ತರ ಕನ್ನಡದ ಮೂಲದ ಚಿತ್ರಾಪುರ ಸಾರಸ್ವತರಿಗಾಗಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರುಸಮಾನರಾದ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಮುಂಬಯಿಯಲ್ಲಿ ಪತ್ತಿನ ಸಂಘವೊಂದನ್ನು ಸ್ಥಾಪಿಸಿದರು; ಅದೇ ಇಂದಿನ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು. ಅದೇ ಸಮುದಾಯವು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿತು. 1918ರ ಸೆಪ್ಟೆಂಬರ್ 14ರಂದು ಹುಟ್ಟಿದ ಸಾರಸ್ವತ ಸಹಕಾರಿ ಬ್ಯಾಂಕಿಂಗ್ ಸಂಘದ ಮೂಲ ಉದ್ದೇಶಗಳು ಈ ಚರ್ಚೆಗೆ ವಿಶೇಷವಾಗಿ ಸಂಬಂಧಿಸಿವೆ: ಸದಸ್ಯರ ಮನೆಯ ಮದುವೆ ಮತ್ತು ಕಾಯಿಲೆಗಳ ಖರ್ಚಿನ ಜೊತೆಗೆ ಹಳೆಯ ಸಾಲದ ತೀರುವಳಿಯನ್ನೂ ಅದು ತನ್ನ ಉದ್ದೇಶಗಳಲ್ಲಿ ಸೇರಿಸಿಕೊಂಡಿತ್ತು. ಇಂದು ಬ್ಯಾಂಕುಗಳು ‘ಸಾಲ ವರ್ಗಾವಣೆ’ ಎಂದು ಕರೆಯುವ, ಹೆಚ್ಚು ಬಡ್ಡಿಯ ಸಾಲವನ್ನು ಕಡಿಮೆ ಬಡ್ಡಿಯ ಸಾಲದಿಂದ ತೀರಿಸುವ ಕ್ರಮವನ್ನು ಆ ಸಂಘದ ಸ್ಥಾಪಕರು ನೂರು ವರ್ಷಗಳ ಹಿಂದೆಯೇ ಸಮುದಾಯದ ಹೊಣೆಯಾಗಿ ಕಂಡಿದ್ದರೆಂಬುದು ಗೌರವದಿಂದ ನೆನೆಯಬೇಕಾದ ಸಂಗತಿ. ಮೊಗವೀರ ಸಮುದಾಯದ ಬ್ಯಾಂಕೂ, 1932ರಲ್ಲಿ ಸ್ಥಾಪನೆಯಾದ ಬಿಲ್ಲವರ ಅಸೋಸಿಯೇಶನ್ನಿನ ಪ್ರಯತ್ನದಿಂದ 1978ರಲ್ಲಿ ಆರಂಭವಾದ ಭಾರತ್ ಸಹಕಾರಿ ಬ್ಯಾಂಕೂ ಇದೇ ದಾರಿಯಲ್ಲಿ ಮೂಡಿದವು.

ಈ ಸಂಸ್ಥೆಗಳ ಹೆಸರಿಗಿಂತ ಅವುಗಳ ರಚನೆಯ ಮೇಲೆ ಹೆಚ್ಚು ಗಮನ ಅಗತ್ಯ. ಕಾರ್ಖಾನೆ, ಬಂದರು, ರೈಲ್ವೆ, ನಗರಪಾಲಿಕೆಗಳ ನೌಕರರ ನಡುವೆ ಬೆಳೆದ, ಮರಾಠಿಯಲ್ಲಿ ‘ಪತ್‌ಪೇಢಿ’ ಎಂದು ಕರೆಯಲಾಗುವ ಪತ್ತಿನ ಸಂಘದಲ್ಲಿ ಸಾಲ ಬೇಕೆಂದವನು ಮೊದಲು ಸದಸ್ಯನಾಗಿ ಷೇರು ಕೊಳ್ಳಬೇಕು, ಪ್ರತಿ ತಿಂಗಳೂ ಕಡ್ಡಾಯ ಠೇವಣಿಯೆಂದು ಒಂದಿಷ್ಟು ವರ್ಗಣಿ ಕಟ್ಟಬೇಕು, ಸಾಲ ಪಡೆಯುವಾಗ ಇಬ್ಬರು ಸಹೋದ್ಯೋಗಿಗಳ ಜಾಮೀನು ಕೊಡಬೇಕು. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆಯ 49ನೆಯ ಕಲಮು, ಸದಸ್ಯನು ಬರೆದುಕೊಟ್ಟ ಒಪ್ಪಿಗೆಯ ಮೇರೆಗೆ ಕಂತಿನ ಹಣವನ್ನು ಮಾಲಿಕನೇ ಸಂಬಳದಿಂದ ಮುರಿದು ಸಂಘಕ್ಕೆ ಕಟ್ಟಲು ಅವಕಾಶ ಮಾಡಿತು. ಹೀಗೆ ಮುರಿದುಕೊಂಡ ಮೊತ್ತದಲ್ಲಿ ಅಸಲು ಮತ್ತು ಬಡ್ಡಿಗಳ ಜೊತೆಗೆ ವರ್ಗಣಿಯೂ ಸೇರಿರುತ್ತಿದ್ದುದರಿಂದ, ಸಾಲ ತೀರುವ ದಿನ ಸದಸ್ಯನ ಹೆಸರಿನಲ್ಲಿ ಷೇರು ಮತ್ತು ಠೇವಣಿಗಳ ಒಂದು ಸಣ್ಣ ಗಂಟು ಉಳಿದಿರುತ್ತಿತ್ತು. ಸಾಲ ಮುಗಿದರೂ ವರ್ಗಣಿ ನಿಲ್ಲುತ್ತಿರಲಿಲ್ಲ. ಸಾಲ ತೀರಿದ ಮೇಲೆ ಏನು ಎಂಬ ಪ್ರಶ್ನೆಗೆ ಈ ರಚನೆಯಲ್ಲಿಯೇ ಒಂದು ಉತ್ತರವಿತ್ತು.

ನೌಕರಿಯ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಈ ಸೌಕರ್ಯ ಸುಲಭವಾಗಿ ಎಟುಕಲಿಲ್ಲ. ಮುಂಬಯಿಯ ಗಿರಣಿ ಪ್ರದೇಶವಾದ ಗಿರಣಗಾಂವಿನಲ್ಲಿ ಕಾರ್ಮಿಕರಿಗೆ ಊಟ ಬೇಯಿಸಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರು ದಿನಸಿಗಾಗಿ ಸಾವಕಾರನ ಸಾಲದಲ್ಲಿ ಸಿಲುಕಿದ್ದುದನ್ನು ಕಂಡು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿ, ಅವರಿಗೆ ರಾಷ್ಟ್ರೀಕೃತ ಬ್ಯಾಂಕಿನ ಸಾಲವನ್ನು ಗುಂಪಿನ ಹೊಣೆಯ ಮೇಲೆ ಕೊಡಿಸಿದರು. ದಕ್ಷಿಣ ಕನ್ನಡದಿಂದ ಬಂದು ಹೋಟೆಲುಗಳಲ್ಲಿ ದುಡಿದ ಹುಡುಗರ ಸ್ಥಿತಿ ಮತ್ತೊಂದು ಬಗೆಯದು: ಊಟ ವಸತಿಗಳು ಹೋಟೆಲಿನಲ್ಲಿಯೇ ದೊರೆಯುತ್ತಿದ್ದುದರಿಂದ ಇಲ್ಲಿನ ಬದುಕಿಗಾಗಿ ಅವರು ಸಾಲ ಮಾಡಬೇಕಾದದ್ದು ಕಡಿಮೆ, ಆದರೆ ಊರಿನಲ್ಲಿ ತಂಗಿಯ ಮದುವೆ, ಮನೆಯ ಮಾಡು, ತಂದೆಯ ಕಾಯಿಲೆ ಇವುಗಳಿಗಾಗಿ ಧನಿಗಳಿಂದ ಮುಂಗಡ ಪಡೆದು ವರ್ಷಗಟ್ಟಲೆ ದುಡಿದು ತೀರಿಸುವುದು ಸಾಮಾನ್ಯವಾಗಿತ್ತು. ಇಂಥ ದುಡಿಮೆಗಾರರ ಉಳಿತಾಯಕ್ಕೆ ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಒಂದು ಮಾದರಿಯಾಯಿತು. ದಿನಕ್ಕೆ ಎರಡಾಣೆಯಷ್ಟು ಕಿರುಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿ ಮನೆ ಅಂಗಡಿಗಳಿಗೆ ಬಂದು ಸಂಗ್ರಹಿಸುವ ಈ ಕ್ರಮವು, ತಿಂಗಳ ಸಂಬಳವಿಲ್ಲದವನಿಗೂ ನಿಯಮಿತ ಉಳಿತಾಯ ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು.

ಮೂರನೆಯ ವಿಷಯಕ್ಕೆ ಹೋಗುವ ಮುನ್ನ 1982ನ್ನು ದಾಟಿ ಹೋಗಲಾಗದು. ಆ ವರ್ಷದ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರ ಮುಷ್ಕರ ವಿಧಿವತ್ತಾಗಿ ಎಂದೂ ಹಿಂತೆಗೆಯಲ್ಪಡಲಿಲ್ಲ. ಸಂಬಳವಿಲ್ಲದ ಆ ದೀರ್ಘ ಅವಧಿಯಲ್ಲಿ ಚಾಳುಗಳ ಮನೆಗಳಿಂದ ಒಡವೆ ಮತ್ತು ಪಾತ್ರೆಗಳು ಗಿರವಿಗೆ ಹೋದವು. ಮುಂದಿನ ದಶಕಗಳಲ್ಲಿ ಗಿರಣಿಗಳು ಮುಚ್ಚುತ್ತ ಬಂದಾಗ ಸ್ವಯಂನಿವೃತ್ತಿಯ ಹೆಸರಿನಲ್ಲಿ ಕಾರ್ಮಿಕರ ಕೈಗೆ ಒಟ್ಟಾಗಿ ಬಂದ ಹಣ ಮೊದಲು ಸಾಲಕ್ಕೆ ಸಂದಿತು. ಉಳಿದದ್ದು ಯಾವ ಯೋಜನೆಯೂ ಇಲ್ಲದೆ ಕರಗಿದ ಮನೆಗಳು ಅನೇಕ. ತಿಂಗಳ ವರಮಾನವೇ ನಿಂತುಹೋದ ಮೇಲೆ ಸಾಲಮುಕ್ತಿಯೊಂದೇ ಕುಟುಂಬವನ್ನು ಎತ್ತಿಹಿಡಿಯಲಾರದು ಎಂಬ ಈ ಕಠಿಣ ಅನುಭವವನ್ನು ಇಂದಿನ ಯೋಜನೆಯಲ್ಲಿಯೂ ಗಣನೆಗೆ ತೆಗೆದುಕೊಳ್ಳಬೇಕು.

ಇನ್ನು ಇಂದಿನ ಸಾಲಗಳ ವಿಚಾರ. ವಿರಾರ್, ಡೊಂಬಿವಲಿ, ನವಿ ಮುಂಬಯಿಗಳ ಕಡೆಗೆ ಸರಿದ ಮಧ್ಯಮವರ್ಗದ ಕುಟುಂಬಕ್ಕೆ ಅತಿ ದೊಡ್ಡ ಸಾಲವೆಂದರೆ ಮನೆಸಾಲ. 30 ಲಕ್ಷ ರೂಪಾಯಿಯನ್ನು ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಗಳ ಮುದ್ದತಿಗೆ ಪಡೆದರೆ ತಿಂಗಳ ಕಂತು ಸುಮಾರು 26,990 ರೂಪಾಯಿ ಆಗುತ್ತದೆ. ಮೊದಲ ಕಂತಿನಲ್ಲಿ 22,500 ರೂಪಾಯಿ ಬಡ್ಡಿಗೇ ಹೋಗಿ ಅಸಲಿಗೆ ಸಲ್ಲುವುದು ಸುಮಾರು 4,490 ರೂಪಾಯಿ ಮಾತ್ರ. ಸರಿಯಾಗಿ ಅರ್ಧ ಮುದ್ದತು, ಅಂದರೆ ಹತ್ತು ವರ್ಷ, ಒಂದೂ ಕಂತು ತಪ್ಪದೆ ಕಟ್ಟಿದ ಮೇಲೂ 21 ಲಕ್ಷ 30 ಸಾವಿರದಷ್ಟು ಅಸಲು ಬಾಕಿ ಉಳಿದಿರುತ್ತದೆ. ಆರಂಭದ ವರ್ಷಗಳಲ್ಲಿ ಹೆಚ್ಚುವರಿಯಾಗಿ ಕಟ್ಟುವ ಸಣ್ಣ ಮೊತ್ತವೂ ಮುದ್ದತನ್ನು ಗಣನೀಯವಾಗಿ ತಗ್ಗಿಸುತ್ತದೆ ಎಂಬುದಕ್ಕೆ ಇದೇ ಕಾರಣ. ಬದಲಾಗುವ ಬಡ್ಡಿದರದ ಮನೆಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಂದ ದಂಡಶುಲ್ಕ ಪಡೆಯಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಬ್ಯಾಂಕುಗಳಿಗೆ ಆದೇಶಿಸಿದ್ದರೂ, ಆ ಶುಲ್ಕದ ಹೆದರಿಕೆಯಿಂದ ಕೈಯಲ್ಲಿರುವ ಹಣವನ್ನು ಕಟ್ಟದೆ ಕೂರುವವರು ಇನ್ನೂ ಇದ್ದಾರೆ.

ಒಂದಕ್ಕಿಂತ ಹೆಚ್ಚು ಸಾಲಗಳಿದ್ದಾಗ ಯಾವುದನ್ನು ಮೊದಲು ತೀರಿಸಬೇಕೆಂಬ ಪ್ರಶ್ನೆಗೆ ಲೆಕ್ಕಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ ಬಿದ್ದರೆ ವರ್ಷಕ್ಕೆ ಶೇಕಡಾ 42. ಚಕ್ರಬಡ್ಡಿಯಾಗಿ ಬೆಳೆದರೆ ಶೇಕಡಾ 51ರಷ್ಟು. ಶತಮಾನದ ಹಿಂದಿನ ರೂಪಾಯಿಗೆ ಒಂದಾಣೆಯ ಬಡ್ಡಿಯಿಂದ ಈ ದರ ಬಹಳ ದೂರವಿಲ್ಲ. ಇಂಥ ಬಾಕಿ ಇರುವಾಗ ಶೇಕಡಾ 9ರ ಮನೆಸಾಲಕ್ಕೆ ಹೆಚ್ಚುವರಿ ಕಟ್ಟುವುದಾಗಲಿ, ಶೇಕಡಾ 7ರ ಠೇವಣಿ ಇಡುವುದಾಗಲಿ ನಷ್ಟದ ವ್ಯವಹಾರ. ಆದರೆ ಬಂಧುಗಳಿಂದ ಬಡ್ಡಿಯಿಲ್ಲದೆ ಪಡೆದ ಕೈಗಡವನ್ನು ಬಡ್ಡಿಯಿಲ್ಲವೆಂಬ ಕಾರಣಕ್ಕೆ ಕೊನೆಗೆ ತಳ್ಳುವುದು ಸರಿಯಲ್ಲ. ಕೊಟ್ಟವರ ಮನೆಯ ಅಗತ್ಯವೂ ಸಾಲಗಾರನ ಲೆಕ್ಕದೊಳಗೆ ಬರಬೇಕು. ಮೊಬೈಲಿನ ಮೂಲಕ ನಿಮಿಷಗಳಲ್ಲಿ ದೊರೆಯುವ ಸಾಲಗಳ ಬಗ್ಗೆ 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಮಾರ್ಗಸೂಚಿ ಹೊರಡಿಸಿ, ಹಣ ನೇರವಾಗಿ ಸಾಲಗಾರನ ಖಾತೆಗೇ ಬರಬೇಕು, ಒಟ್ಟು ವಾರ್ಷಿಕ ವೆಚ್ಚವನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು ಎಂದು ವಿಧಿಸಿದೆ. ಈ ಎರಡರಲ್ಲಿ ಒಂದು ಇಲ್ಲವಾದರೂ ಆ ಸಾಲದಿಂದ ದೂರವಿರುವುದು ಕ್ಷೇಮ.

ಸಾಲ ತೀರುವುದಕ್ಕೂ ಸಾಲದ ಖಾತೆ ಮುಚ್ಚುವುದಕ್ಕೂ ನಡುವೆ ಕೆಲವು ಕಾಗದಪತ್ರಗಳ ಕೆಲಸವಿದೆ. ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು ಲಿಖಿತವಾಗಿ ಪಡೆಯಬೇಕು. ಪೂರ್ಣ ಮರುಪಾವತಿಯಾದ 30 ದಿನಗಳೊಳಗೆ ಬ್ಯಾಂಕು ಆಸ್ತಿಯ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಮುಂಬಯಿಯ ಫ್ಲ್ಯಾಟುಗಳ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮರೆಯಬಾರದು: ಸಾಲ ಪಡೆಯುವಾಗ ಗೃಹನಿರ್ಮಾಣ ಸಂಘದ ದಾಖಲೆಯಲ್ಲಿ ಬ್ಯಾಂಕಿನ ಹಕ್ಕು ನಮೂದಾಗಿರುವುದರಿಂದ, ಬ್ಯಾಂಕಿನ ಪತ್ರವನ್ನು ಸಂಘಕ್ಕೆ ಸಲ್ಲಿಸಿ ಆ ನಮೂದನ್ನು ತೆಗೆಸಬೇಕು, ಇಲ್ಲವಾದರೆ ವರ್ಷಗಳ ಬಳಿಕ ಮಾರಾಟ ಅಥವಾ ವಾರಸುದಾರಿಕೆಯ ಹೊತ್ತಿನಲ್ಲಿ ಅದು ತೊಡಕಾಗುತ್ತದೆ. ಕಷ್ಟದಲ್ಲಿದ್ದವರು ಬ್ಯಾಂಕಿನೊಡನೆ ಮಾತನಾಡಿ ಕಡಿಮೆ ಮೊತ್ತಕ್ಕೆ ರಾಜಿ ಮಾಡಿಕೊಂಡಾಗ, ಸಾಲಚರಿತ್ರೆಯ ವರದಿಯಲ್ಲಿ ಆ ಖಾತೆ ‘ಮುಕ್ತಾಯ’ವೆಂದು ದಾಖಲಾಗದೆ ‘ರಾಜಿ’ಯೆಂದು ದಾಖಲಾಗುತ್ತದೆ. ಸಿಬಿಲ್ ಮೊದಲಾದ ಸಾಲಚರಿತ್ರೆಯ ಸಂಸ್ಥೆಗಳು ವರ್ಷಕ್ಕೊಮ್ಮೆ ಈ ವರದಿಯನ್ನು ಉಚಿತವಾಗಿ ಕೊಡಬೇಕಾಗಿರುವುದರಿಂದ, ಸಾಲ ತೀರಿದ ಎರಡು ಮೂರು ತಿಂಗಳಲ್ಲಿ ಅದನ್ನು ತರಿಸಿ ಓದುವುದು ಸಾಲ ತೀರಿಸುವ ಕೆಲಸದ ಕೊನೆಯ ಭಾಗವೆಂದೇ ತಿಳಿಯಬೇಕು.

ಕೊನೆಯದಾಗಿ, ಸಾಲಮುಕ್ತ ಕುಟುಂಬದ ಮುಂದಿನ ಯೋಜನೆ. ಮೊದಲ ವರ್ಷವೇ ನಿರ್ಣಾಯಕವಾದುದು. ಏಕೆಂದರೆ ಕಂತಿನ ಹಣವಿಲ್ಲದೆ ಬದುಕುವುದನ್ನು ವರ್ಷಗಳ ಕಾಲ ರೂಢಿಸಿಕೊಂಡ ಮನೆಗೆ ಆ ಹಣ ಮರಳಿ ಬಂದಾಗ, ಅದಕ್ಕೊಂದು ದಾರಿ ಗೊತ್ತುಪಡಿಸದಿದ್ದರೆ ಕೆಲವೇ ತಿಂಗಳಲ್ಲಿ ಅದು ದಿನನಿತ್ಯದ ಖರ್ಚಿನಲ್ಲಿ ಕರಗುತ್ತದೆ, ಇಲ್ಲವೆ ಹೊಸ ಸಾಲದ ಕಂತಾಗುತ್ತದೆ. ತೀರಿದ ಕಂತು 10,000 ರೂಪಾಯಿಯದಾಗಿದ್ದು, ಅದೇ ದಿನಾಂಕದಂದು ಅಷ್ಟೇ ಮೊತ್ತವನ್ನು ಶೇಕಡಾ 7ರಂತೆ ಬೆಳೆಯುವ ಆವರ್ತ ಠೇವಣಿಗೆ ಹತ್ತು ವರ್ಷ ಕಟ್ಟಿದರೆ, ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ, ಸುಮಾರು 17 ಲಕ್ಷ 30 ಸಾವಿರ ರೂಪಾಯಿ ಆಗುತ್ತದೆ. ಪತ್‌ಪೇಢಿಯ ವರ್ಗಣಿ ಮಾಡುತ್ತಿದ್ದ ಕೆಲಸವನ್ನು ಕುಟುಂಬವು ತನ್ನ ನಿರ್ಧಾರದಿಂದ ಮುಂದುವರಿಸುವುದು ಎಂದರೆ ಇದೇ. ಮೊದಲು ಆರು ತಿಂಗಳ ಮನೆಖರ್ಚಿನಷ್ಟು ತುರ್ತುನಿಧಿ, ಅದರೊಡನೆ ಇಡೀ ಕುಟುಂಬದ ಆರೋಗ್ಯವಿಮೆ, ಆ ಮೇಲೆ ನಿವೃತ್ತಿಯ ಉಳಿತಾಯ ಎಂಬ ಕ್ರಮ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಭವಿಷ್ಯನಿಧಿಯ ಆಸರೆಯಿಲ್ಲದ ಹೋಟೆಲು ಕಾರ್ಮಿಕರಿಗೆ ಮೂರನೆಯದು ಇನ್ನೂ ಜರೂರಾದುದು.

ಈ ಹಣವನ್ನು ಎಲ್ಲಿ ಇಡಬೇಕೆಂಬುದೂ ಗಂಭೀರವಾದ ಪ್ರಶ್ನೆ. ಮಂಗಳೂರಿನಿಂದ ಬಂದು ಮುಂಬಯಿಯ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫೆರ್ನಾಂಡಿಸರು 1968ರಲ್ಲಿ ದುಡಿಯುವವರಿಗಾಗಿ ಬಾಂಬೆ ಲೇಬರ್ ಸಹಕಾರಿ ಬ್ಯಾಂಕನ್ನು ಕಟ್ಟಿದರು; ಮುಂದೆ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕೆಂದು ಹೆಸರು ಬದಲಿಸಿಕೊಂಡ ಅದೇ ಬ್ಯಾಂಕಿನ ಮೇಲೆ 2025ರ ಫೆಬ್ರವರಿ 13ರಂದು ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಠೇವಣಿದಾರರು ಆರಂಭದಲ್ಲಿ ತಮ್ಮ ಹಣವನ್ನೇ ತೆಗೆಯಲಾಗದೆ ನಿಂತರು. ಆ ವರ್ಷದ ಆಗಸ್ಟ್ 4ರಂದು ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ ಮೊದಲಿಗೆ ಪ್ರತಿ ಠೇವಣಿದಾರನು ಹಣ ತೆಗೆಯುವುದಕ್ಕೆ 1,000 ರೂಪಾಯಿಯ ಮಿತಿ ಹಾಕಲಾಗಿತ್ತು. 2020ರ ಫೆಬ್ರವರಿಯಿಂದ ಠೇವಣಿವಿಮೆಯು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ಇದೆ. ಸಮುದಾಯದ ಬ್ಯಾಂಕಿನ ಮೇಲಿನ ಅಭಿಮಾನ ಯೋಗ್ಯವಾದುದೇ. ಆದರೆ ಇಡೀ ಜೀವಮಾನದ ಉಳಿತಾಯವನ್ನು ಒಂದೇ ಕಡೆ ಇಡದೆ ಈ ಮಿತಿಯೊಳಗೆ ಹಂಚಿ ಇಡುವುದು ಆ ಅಭಿಮಾನಕ್ಕೆ ವಿರುದ್ಧವಾಗುವುದಿಲ್ಲ.

ಮುಂಬಯಿ ಕನ್ನಡಿಗರ ನಡುವೆ ಸಾಲ ತೀರಿಸಿದವನ ಮನೆಗೆ ಮೊದಲು ಬರುವ ಕೋರಿಕೆ ಬಹುಶಃ ಜಾಮೀನಿನದು. ಊರಿನವರು, ನಂಟರು, ಸಹೋದ್ಯೋಗಿಗಳು ಕೇಳಿದಾಗ ಇಲ್ಲವೆನ್ನುವುದು ಕಷ್ಟ. ಅವನಿಗೂ ಹಿಂದೆ ಯಾರೋ ಜಾಮೀನು ನಿಂತಿರುತ್ತಾರೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಸಾಲಗಾರನನ್ನು ಪೂರ್ತಿ ಬೆನ್ನಟ್ಟಿದ ಮೇಲೆಯೇ ಜಾಮೀನುದಾರನ ಬಳಿಗೆ ಬರಬೇಕೆಂಬ ನಿಯಮವಿಲ್ಲ. ಆದ್ದರಿಂದ ಜಾಮೀನನ್ನು ಸಹಿಯ ಉಪಕಾರವೆಂದು ಕಾಣದೆ, ತೀರಿಸಲು ಸಿದ್ಧವಿರುವಷ್ಟು ಮೊತ್ತದ ಸ್ವಂತ ಸಾಲವೆಂದೇ ಕುಟುಂಬದ ಪುಸ್ತಕದಲ್ಲಿ ಬರೆದಿಡಬೇಕು, ಹೆಂಡತಿ ಮಕ್ಕಳಿಗೆ ಅದು ತಿಳಿದಿರಬೇಕು. ತಂದೆಯ ಸಾಲದ ವಿಷಯದಲ್ಲಿ ಮಾತ್ರ ಕಾನೂನು ಬದಲಾಗಿದೆ. ಮಗ, ಮೊಮ್ಮಗ, ಮರಿಮಗ ತಂದೆ ತಾತಂದಿರ ಸಾಲಕ್ಕೆ ಧಾರ್ಮಿಕ ಕರ್ತವ್ಯವೆಂಬ ಕಾರಣಕ್ಕೇ ಹೊಣೆಯಾಗುತ್ತಿದ್ದ ಹಳೆಯ ಹಿಂದೂ ನಿಯಮವನ್ನು 2005ರ ಉತ್ತರಾಧಿಕಾರ ತಿದ್ದುಪಡಿಯು ಆ ವರ್ಷದ ಸೆಪ್ಟೆಂಬರ್ 9ರ ಬಳಿಕದ ಸಾಲಗಳಿಗೆ ಅನ್ವಯಿಸದಂತೆ ಮಾಡಿದೆ. ಇಂದು ವಾರಸುದಾರನ ಹೊಣೆ ತನಗೆ ಬಂದ ಆಸ್ತಿಯ ಮಟ್ಟಿಗಷ್ಟೇ. ವಸೂಲಿಯವರು ಮಕ್ಕಳನ್ನು ಹೆದರಿಸುವ ಸಂದರ್ಭಗಳಲ್ಲಿ ಈ ತಿಳಿವಳಿಕೆ ದೊಡ್ಡ ಆಸರೆ.

ಮನೆಸಾಲ ತೀರಿದ ಮೇಲೆ ಎರಡು ದೊಡ್ಡ ಖರ್ಚುಗಳು ಒಟ್ಟಿಗೆ ಎದುರಾಗುತ್ತವೆ. ಇಪ್ಪತ್ತು ವರ್ಷದ ಸಾಲ ಮುಗಿಯುವ ಹೊತ್ತಿಗೆ ಕಟ್ಟಡಕ್ಕೂ ವಯಸ್ಸಾಗಿರುತ್ತದೆ. ಮುಂಬಯಿ ಮಹಾನಗರಪಾಲಿಕೆಯ ಕಾಯಿದೆ 30 ವರ್ಷ ದಾಟಿದ ಕಟ್ಟಡಗಳಿಗೆ ರಚನಾ ತಪಾಸಣೆಯನ್ನು ಕಡ್ಡಾಯ ಮಾಡಿದೆ, ಆಗ ದುರಸ್ತಿಯ ಪಾಲನ್ನು ಸಂಘವು ಸದಸ್ಯರಿಂದಲೇ ಕೇಳುತ್ತದೆ. ಎರಡನೆಯ ಖರ್ಚು ಊರಿನ ಕರೆಯದು. ಕುಟುಂಬದ ಮನೆಯ ಜೀರ್ಣೋದ್ಧಾರ, ನಾಗಬನ, ನೇಮ, ಬ್ರಹ್ಮಕಲಶೋತ್ಸವಗಳಿಗೆ ಮುಂಬಯಿಯವರ ದೇಣಿಗೆ ಬೇಕೇಬೇಕು, ನಿವೃತ್ತಿಗೆಂದು ಊರಿನಲ್ಲಿ ಹೊಸ ಮನೆಯೂ ಏಳುತ್ತದೆ. ಊರಿನ ನಂಟು ಬದುಕಿಗೆ ಅರ್ಥ ಕೊಡುವಂಥದು, ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಮಕ್ಕಳು ಇಲ್ಲೇ ನೆಲೆಸಿದ್ದು, ವರ್ಷದ ಹೆಚ್ಚಿನ ದಿನ ಬೀಗ ಹಾಕಿರುವ ಮನೆಗಾಗಿ ಐವತ್ತೈದರ ವಯಸ್ಸಿನಲ್ಲಿ ಹೊಸ ಸಾಲ ಮಾಡುವುದನ್ನು ಗಂಡ ಹೆಂಡತಿ ಇಬ್ಬರೂ ಕುಳಿತು, ನಿವೃತ್ತಿಯ ಬಳಿಕದ ವರಮಾನವನ್ನು ಕಾಗದದಲ್ಲಿ ಬರೆದು ನೋಡಿದ ಮೇಲೆಯೇ ತೀರ್ಮಾನಿಸಬೇಕು.

ಈ ಎಲ್ಲ ಲೆಕ್ಕಗಳನ್ನು ಪ್ರತಿಯೊಂದು ಕುಟುಂಬವೂ ಒಂಟಿಯಾಗಿ ಮಾಡಿಕೊಳ್ಳಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳನ್ನು ತೆರೆದ ಪರಂಪರೆ ಮುಂಬಯಿಯ ಕನ್ನಡ ಮತ್ತು ತುಳು ಸಂಘಗಳಿಗೆ ಇದೆ. ಅದೇ ಸಂಘಗಳ ಕಚೇರಿಗಳಲ್ಲಿ ವಾರಕ್ಕೊಂದು ಸಂಜೆ, ನಿವೃತ್ತ ಬ್ಯಾಂಕು ನೌಕರರೂ ವಕೀಲರೂ ಕುಳಿತು, ಸಾಲದ ಕಾಗದಗಳನ್ನು ಕನ್ನಡದಲ್ಲಿ ಓದಿ ವಿವರಿಸುವ, ತೀರಿಸುವ ಕ್ರಮ ಬರೆದುಕೊಡುವ, ಸಾಲಚರಿತ್ರೆಯ ವರದಿ ತೆಗೆದುಕೊಡುವ, ತಪ್ಪು ನಮೂದಿದ್ದರೆ ತಿದ್ದುಪಡಿಯ ಅರ್ಜಿ ಬರೆಸುವ ಒಂದು ಮೇಜನ್ನು ಇಡಲು ದೊಡ್ಡ ಬಂಡವಾಳ ಬೇಕಾಗದು. ಸಾಲಗಾರನ ಮಾನಕ್ಕೆ ಕುಂದು ಬಾರದಂತೆ ವಿಷಯ ಗುಟ್ಟಾಗಿರಬೇಕು, ಸಲಹೆಗೆ ಶುಲ್ಕವಿರಬಾರದು, ಸಲಹೆ ಕೊಡುವವರು ಯಾವುದೇ ವಿಮೆಯ ಅಥವಾ ಹೂಡಿಕೆಯ ಏಜೆಂಟರಾಗಿರಬಾರದು. ಸಾಲ ತೀರಿದವರೂ ಆ ಮೇಜಿಗೆ ಮತ್ತೊಮ್ಮೆ ಬಂದು, ಮುಂದಿನ ಹತ್ತು ವರ್ಷಗಳ ವರಮಾನ ಮತ್ತು ಖರ್ಚುಗಳ ಪಟ್ಟಿಯನ್ನು ಬರೆಸಿಕೊಂಡು ಹೋಗುವ ಏರ್ಪಾಡು ಇರಬೇಕು. ಹೋಟೆಲು ಕಾರ್ಮಿಕರಿಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟದ ವ್ಯಾಪಾರ ಮುಗಿದ ಮೇಲೆ, ಸಂಜೆಯ ವ್ಯಾಪಾರ ಆರಂಭವಾಗುವ ಮುನ್ನ. ಅವರಿಗಾಗಿ ಬೇರೆ ಒಂದು ವೇಳೆಯನ್ನು ಗೊತ್ತುಪಡಿಸುವುದನ್ನೂ ಸಂಘಗಳು ಈ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕೆಂದು ಈ ಉಪನ್ಯಾಸ ವಿನಂತಿಸುತ್ತದೆ.